ಘಾಟಿ ಇಳಿಯುವಾಗ ಕಾರು ತಾನಾಗಿ ನಿಯಂತ್ರಣ ತಪ್ಪಿತು. ಇದನ್ನು ಮಾರಿ ಎಬಿಎಸ್, ಆರು ಏರ್‌ಬ್ಯಾಗ್ ಇರುವ ಕಾರು ತಗೊಳ್ಳಲಾ?

ಚಾರ್ಮಾಡಿಯಲ್ಲಿ ಬ್ರೇಕ್ ಹಿಡಿಯಲಿಲ್ಲ, ಮಾರನೇ ದಿನ ಗ್ಯಾರೇಜಿನವರು ನೋಡಿ ಎಲ್ಲ ಸರಿಯಿದೆ ಅಂದರು ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನನಗೆ ಮೈ ಜುಂ ಅಂದಿತು. ನನಗೆ ಇದೇ ಆಗಿದ್ದು ಆಗುಂಬೆಯಲ್ಲಿ. 2016ರ ಫೆಬ್ರವರಿ.

ತೀರ್ಥಹಳ್ಳಿಯಿಂದ ಉಡುಪಿಗೆ, ಚಿಕ್ಕಪ್ಪನ ಮಗಳ ಮದುವೆಗೆ ಹೊರಟಿದ್ದೆವು. ಪಕ್ಕದಲ್ಲಿ ಅಪ್ಪ. ಹಿಂದೆ ಅಮ್ಮ, ನನ್ನ ಹೆಂಡತಿ, ಇಬ್ಬರ ನಡುವೆ ಒಂದು ಸ್ಟೀಲ್ ಡಬ್ಬಿ ತುಂಬ ಕೋಡುಬಳೆ. ಮಳೆ ಇಲ್ಲ, ಮಂಜಿಲ್ಲ, ರಸ್ತೆ ಒಣಗಿತ್ತು. ಆಗುಂಬೆ ಚೆಕ್‌ಪೋಸ್ಟ್ ದಾಟಿ ಇಳಿಜಾರು ಶುರುವಾದ ಕೂಡಲೇ ನಾನು ಗೇರನ್ನು ನ್ಯೂಟ್ರಲಿಗೆ ಹಾಕಿದೆ. ಇಳಿಜಾರಲ್ಲಿ ಗಾಡಿ ತಾನೇ ಹೋಗುತ್ತೆ, ಸುಮ್ನೆ ಯಾಕೆ ಪೆಟ್ರೋಲ್ ಸುಡೋದು ಅಂತ.

ಇದು ನನಗೆ ಅಪ್ಪನಿಂದ ಬಂದ ವಿದ್ಯೆ. ಅವರು ಇಪ್ಪತ್ತು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು. ಆ ಕಾಲದ, ಕಂಪ್ಯೂಟರ್ ಇಲ್ಲದ ಕಾರ್ಬ್ಯುರೇಟರ್ ಗಾಡಿಯಲ್ಲಿ ಅದಕ್ಕೆ ಸ್ವಲ್ಪ ಅರ್ಥವಾದರೂ ಇತ್ತು. ಗೇರಲ್ಲಿ ಇಳಿಸಿದರೆ ಎಂಜಿನ್ ಜೋರಾಗಿ ತಿರುಗಿ ಪೆಟ್ರೋಲ್ ಎಳೆಯುತ್ತಲೇ ಇರುತ್ತಿತ್ತು. ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಬಿಡುವ ಇವತ್ತಿನ ಇಂಜೆಕ್ಷನ್ ಗಾಡಿಗಳ ಕತೆ ಉಲ್ಟಾ. ಗೇರಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಕಂಪ್ಯೂಟರ್ ಪೆಟ್ರೋಲನ್ನೇ ಬಂದ್ ಮಾಡುತ್ತೆ. ಚಕ್ರವೇ ಎಂಜಿನ್ ತಿರುಗಿಸುತ್ತೆ. ನ್ಯೂಟ್ರಲಿಗೆ ಹಾಕಿದಿರೋ, ಎಂಜಿನ್ ಆರದೇ ಇರೋಕೆ ಪೆಟ್ರೋಲ್ ಸುಡಲೇಬೇಕು. ಅಂದರೆ ಪ್ರತಿ ಸಲ ಘಾಟಿ ಇಳಿಯುವ ಇಪ್ಪತ್ತು ನಿಮಿಷದಲ್ಲಿ ನಾನು ಉಳಿಸಿದ್ದು ಏನೂ ಇಲ್ಲ. ಒಂದು ಲೋಟ ಪೆಟ್ರೋಲ್ ಜಾಸ್ತಿಯೇ ಸುಟ್ಟೆ. ಇದು ಗೊತ್ತಾದ ದಿನ ನನಗೆ ಆದ ಸಿಟ್ಟು ಅಷ್ಟಿಷ್ಟಲ್ಲ.

ಪೆಟ್ರೋಲ್ ಹಾಳಾಗಲಿ. ನ್ಯೂಟ್ರಲಲ್ಲಿ ಎಂಜಿನ್ನಿನ ಹಿಡಿತ ಇರೋದಿಲ್ಲ, ಗಾಡಿಯ ಪೂರ್ತಿ ಭಾರ ಬ್ರೇಕಿನ ಮೇಲೆ. ಜನ, ಸಾಮಾನು ಸೇರಿ 1,300 ಕಿಲೋ ತೂಗುವ ಕಾರು ಬರೀ ಬ್ರೇಕ್ ಮೇಲೆ 500 ಮೀಟರ್ ಎತ್ತರ ಇಳಿದರೆ ಎಷ್ಟು ಶಾಖ ಹುಟ್ಟುತ್ತೆ ಗೊತ್ತಾ? 2,000 ವ್ಯಾಟಿನ ಗೀಸರನ್ನು ಮುಕ್ಕಾಲು ಗಂಟೆಗೂ ಜಾಸ್ತಿ ಆನ್ ಮಾಡಿಟ್ಟಷ್ಟು. ಗಾಳಿಗೆ ಅಷ್ಟಿಷ್ಟು ಹೋಗಬಹುದು, ಉಳಿದದ್ದರಲ್ಲಿ ಬಹುಪಾಲು ಚಕ್ರದೊಳಗಿನ ತಟ್ಟೆಯಷ್ಟಗಲದ ಬ್ರೇಕ್ ಡಿಸ್ಕಿಗೆ. ಅಲ್ಲಿಂದ, ಪೆಡಲ್ ಒತ್ತಿದ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಬ್ರೇಕ್ ಆಯಿಲಿಗೆ. ಈ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತೆ. ಡಾಟ್ 3 ಅನ್ನುವ ಜಾತಿಯದು ಹೊಸದಿದ್ದಾಗ 205 ಡಿಗ್ರಿವರೆಗೆ ಕುದಿಯದೆ ತಡೆಯಬೇಕು. ತೇವ ಹೀರಿ ಹಳತಾದರೆ ಅದು 140ಕ್ಕೆ ಇಳಿಯಬಹುದು. ಆಯಿಲ್ ಕುದಿದರೆ ಗುಳ್ಳೆ. ದ್ರವವನ್ನು ಒತ್ತಿದರೆ ಒತ್ತಡ ಚಕ್ರಕ್ಕೆ ಹೋಗುತ್ತೆ, ಗುಳ್ಳೆಯನ್ನು ಒತ್ತಿದರೆ ಗುಳ್ಳೆ ಕುಗ್ಗುತ್ತೆ, ಅಷ್ಟೆ. ನನ್ನ ಗಾಡಿ 2011ರದ್ದು. ಐದು ವರ್ಷದಲ್ಲಿ ಒಮ್ಮೆಯೂ ಆ ಆಯಿಲ್ ಬದಲಾಯಿಸಿರಲಿಲ್ಲ. ಎಂಜಿನ್ ಆಯಿಲ್ ಮಾತ್ರ ಸರಿಯಾಗಿ ಬದಲಾಯಿಸುತ್ತಿದ್ದೆ, ಅದರ ಹೆಮ್ಮೆ ಬೇರೆ.

ಐದಾರು ತಿರುವು ಕಳೆದ ಮೇಲೆ ಹಿಂದಿನಿಂದ ಹೆಂಡತಿ, 'ರೀ, ಏನೋ ಸುಟ್ಟ ವಾಸನೆ ಅಲ್ವಾ?' ಅಂದಳು. ಇಸ್ತ್ರಿಪೆಟ್ಟಿಗೆಗೆ ಪ್ಲಾಸ್ಟಿಕ್ ಅಂಟಿದರೆ ಬರುತ್ತಲ್ಲ, ಆ ಥರದ ವಾಸನೆ. 'ಮುಂದಿನ ಮಿನಿಬಸ್ಸಿಂದು' ಅಂದೆ. ಅಲ್ಲೇ ಬದಿಗೆ ನಿಲ್ಲಿಸಿ ಅರ್ಧ ಗಂಟೆ ಮಂಗ ನೋಡುತ್ತಾ ನಿಂತಿದ್ದರೆ ಈ ಉತ್ತರ ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ.

ಮುಂದಿನ ತಿರುವಿಗೆ ಬ್ರೇಕ್ ಒತ್ತಿದೆ. ಪೆಡಲ್ ಕಲಸಿದ ಹಿಟ್ಟಿನೊಳಗೆ ಕಾಲಿಟ್ಟ ಹಾಗೆ ಮೆತ್ತಗೆ ಕೆಳಗೆ ಹೋಯಿತು. ಮತ್ತೆ ಒತ್ತಿದೆ, ನೆಲಕ್ಕೇ ತಾಗಿತು. ಗಾಬರಿಯಲ್ಲಿ ಸೀದಾ ಫಸ್ಟ್ ಗೇರಿಗೆ ತಳ್ಳಿದೆ. ಆ ವೇಗದಲ್ಲಿ ಅದು ಕೂರುತ್ತಾ? ಗರ್ ಅಂತ ಕಿರುಚಿ ಕೈಯನ್ನೇ ಹಿಂದಕ್ಕೆ ಒದೆಯಿತು. ಮೂರಕ್ಕೆ ಹಾಕಿ, ಆಮೇಲೆ ಎರಡಕ್ಕೆ ಇಳಿಸಬೇಕಿತ್ತು. ಅಷ್ಟು ಬುದ್ಧಿ ಆಗ ಎಲ್ಲಿತ್ತು! ಹ್ಯಾಂಡ್ ಬ್ರೇಕ್ ಜಗ್ಗಿದೆ, ಜೋರಾಗಿ. ಗಾಡಿಯ ಹಿಂಭಾಗ ತಿರುಗಿತು. ನಮ್ಮ ಪುಣ್ಯ, ಕಣಿವೆ ಕಡೆಗಲ್ಲ, ಗುಡ್ಡದ ಬದಿಯ ಧರೆಯ ಕಡೆಗೆ ತಿರುಗಿತು. ಎಡಚಕ್ರ ಚರಂಡಿಗೆ ಬಿತ್ತು, ಕಾರು ಮಣ್ಣು ಕೆರೆಯುತ್ತಾ ಹೋಗಿ ನಿಂತಿತು. ಕೋಡುಬಳೆ ಗೇರ್ ಮೇಲೆ, ಅಪ್ಪನ ಮಡಿಲಲ್ಲಿ, ಎಲ್ಲೆಲ್ಲೂ. ಹಿಂದಿನ ಸೀಟಿನ ಬೆಲ್ಟ್ ಯಾರೂ ಹಾಕಿರಲಿಲ್ಲ. ಅಮ್ಮನ ಭುಜದ ಮೂಳೆ ಮುರಿಯಿತು.

ಕೆಳಗಿನಿಂದ ಬಂದ ಜೀಪಿನವರೊಬ್ಬರು ಇಳಿದು, ಅಮ್ಮನನ್ನು ನಿಧಾನಕ್ಕೆ ಕೂರಿಸಿದರು. ಚಕ್ರದ ಹತ್ತಿರ ಬಗ್ಗಿ ಮೂಸಿದರು. ಆಮೇಲೆ ಕೇಳಿದ್ದು ಒಂದೇ ಮಾತು: 'ನ್ಯೂಟ್ರಲಲ್ಲಿ ಬಂದದ್ದಾ ಮಾರಾಯ್ರೆ?'

'ಇಲ್ಲ, ಬ್ರೇಕ್ ಫೇಲ್' ಅಂದೆ. ಸುಳ್ಳು. ಅಪ್ಪ ಅಲ್ಲೇ ನಿಂತಿದ್ದರು, ಏನೂ ಹೇಳಲಿಲ್ಲ.

ಮಾರನೇ ದಿನ ಪೇಪರಿನಲ್ಲಿ ಎರಡು ಸಾಲು ಬಂತು. ಚಾಲಕನ ನಿಯಂತ್ರಣ ತಪ್ಪಿದ ಕಾರು ಧರೆಗೆ ಡಿಕ್ಕಿ, ಮಹಿಳೆಗೆ ಗಾಯ. ಕನ್ನಡ ಪತ್ರಿಕೆಗಳಲ್ಲಿ ದಿನಾ ಓದುವ ಸಾಲೇ ಇದು. ನೀವೂ ಅದನ್ನೇ ಬರೆದಿದ್ದೀರಿ: 'ಕಾರು ತಾನಾಗಿ ನಿಯಂತ್ರಣ ತಪ್ಪಿತು'. ತಪ್ಪು ತಿಳಿಯಬೇಡಿ, ನಾನು ಇದನ್ನು ಒಪ್ಪೋದಿಲ್ಲ. ನನ್ನ ಕಾರಿನ ನಿಯಂತ್ರಣ ತಪ್ಪಿದ್ದು ಆ ತಿರುವಿನಲ್ಲಲ್ಲ, ಚೆಕ್‌ಪೋಸ್ಟಿನ ಹತ್ತಿರ ನ್ಯೂಟ್ರಲಿಗೆ ಹಾಕಿದಾಗ. ಧರೆಗೆ ಗುದ್ದಿದ್ದು ಹತ್ತು ನಿಮಿಷ ತಡವಾಗಿ, ಅಷ್ಟೆ.

ಗ್ಯಾರೇಜಿಗೆ ಎಳೆದುಕೊಂಡು ಹೋದಾಗ ನನಗೂ 'ಬ್ರೇಕ್ ಚೆನ್ನಾಗೇ ಇದೆಯಲ್ಲ ಸಾರ್' ಅಂದರು. ಇರುತ್ತೆ. ತಣ್ಣಗಾದ ಮೇಲೆ ಗುಳ್ಳೆ ಮತ್ತೆ ದ್ರವವಾಗುತ್ತೆ, ಪೆಡಲ್ ಗಟ್ಟಿಯಾಗುತ್ತೆ. ನಿಮ್ಮ ಗ್ಯಾರೇಜಿನವರೂ ಸುಳ್ಳು ಹೇಳಿರಲಿಕ್ಕಿಲ್ಲ. ನಾನು ಹಟ ಹಿಡಿದು ಆಯಿಲ್ ತೆಗೆಸಿ ನೋಡಿದೆ. ಹೊಸದು ತೆಳು ಹಳದಿ ಇರಬೇಕು. ನಮ್ಮದು ನಿನ್ನೆಯ ಕಾಫಿ ಡಿಕಾಕ್ಷನ್.

ಈಗ ಹೊಸ ಕಾರಿನ ವಿಷಯ. ತಗೊಳ್ಳೋದಾದರೆ ತಗೊಳ್ಳಿ, ನಿಮ್ಮ ದುಡ್ಡು. ಆದರೆ ಈ ಕಾರಣಕ್ಕೆ ಬೇಡ. 2019ರಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ, ಅದಕ್ಕೇ ಅಂತ ಜಾಸ್ತಿ ಕೊಡಬೇಕಿಲ್ಲ. ಎಬಿಎಸ್ ಮಾಡೋದು ಚಕ್ರ ಲಾಕ್ ಆಗಿ ಜಾರದ ಹಾಗೆ ನೋಡಿಕೊಳ್ಳುವ ಕೆಲಸ. ಲಾಕ್ ಆಗುವಷ್ಟು ಒತ್ತಡವೇ ಚಕ್ರಕ್ಕೆ ಹೋಗದಿದ್ದರೆ ಅದೇನು ಮಾಡುತ್ತೆ ಪಾಪ. ಏರ್‌ಬ್ಯಾಗ್ ಗುದ್ದಿದ ಮೇಲಿನ ಮಾತು. ಆ ದುಡ್ಡಲ್ಲಿ ಚಿಟಿಕೆಯಷ್ಟು ತೆಗೆದು ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸಿ. ಘಾಟಿಯನ್ನು ಯಾವ ಗೇರಲ್ಲಿ ಹತ್ತುತ್ತೀರೋ ಅದೇ ಗೇರಲ್ಲಿ ಇಳಿಯಿರಿ. ಎಂಜಿನ್ ಗುಂಯ್ ಅನ್ನುತ್ತೆ, ಅನ್ನಲಿ, ಅದಕ್ಕೇನೂ ಆಗಲ್ಲ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ, ತಿರುವಿಗೆ ಮುಂಚೆ ಒತ್ತಿ ಬಿಡಿ. ಆಟೋಮ್ಯಾಟಿಕ್ ಆದರೆ ಗೇರ್ ಲಿವರನ್ನು ಎಲ್ (ಲೋ, ಅಂದರೆ ಕೆಳಗಿನ ಗೇರ್) ಇಲ್ಲವೇ ಮ್ಯಾನುವಲ್ ಮೋಡಿಗೆ ಹಾಕಿ. ಎಂಜಿನ್ ಆಫ್ ಮಾಡಿ ಇಳಿಸುವ ಮಹಾನುಭಾವರೂ ಇದ್ದಾರೆ, ಅವರಿಗೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತೆ, ಸ್ಟೇರಿಂಗೂ ಭಾರ. ಹಿಂದೆ ಕೂತವರಿಗೆ ಬೆಲ್ಟ್ ಹಾಕಿಸಿ. ಅಮ್ಮನಿಗೆ ಈಗಲೂ ಮಳೆಗಾಲದಲ್ಲಿ ಭುಜ ನೋಯುತ್ತೆ.

ಒಂದು ವಿಷಯ ಮಾತ್ರ ನೀವು ಎಲ್ಲೂ ಬರೆದಿಲ್ಲ. ಯಾವ ಗೇರಲ್ಲಿ ಇಳಿಯುತ್ತಿದ್ದಿರಿ? ಕಾರು ಮಾರೋದು ಆಮೇಲೆ, ಮೊದಲು ಅದನ್ನು ಹೇಳಿ.