ಒಣ ಮಣ್ಣಿನಲ್ಲಿ ಸಿಕ್ಕ ಮೊಂಡುಬಾಲದ ಹಾವು

ಪ್ರಶ್ನೆ: ಸೋಮವಾರಪೇಟೆ ಹತ್ತಿರದ ನಮ್ಮ ಕಾಫಿ ತೋಟದಲ್ಲಿ ಮಾರ್ಚ್‌ನಲ್ಲಿ ಗುಂಡಿ ತೆಗೆಯುವಾಗ ಬೆರಳು ಗಾತ್ರದ, ಒಂದಡಿ ಉದ್ದದ, ಮಿರಿಮಿರಿ ಮಿಂಚುವ ಕಪ್ಪು ಹಾವು ಸಿಕ್ಕಿತು. ಬಾಲ ಕಡಿದಂತೆ ಮೊಂಡು, ತುದಿಗೆ ಮಣ್ಣು ಮೆತ್ತಿಕೊಂಡಿತ್ತು. ಕೆಲಸದವರು ಎರಡು ತಲೆ ಹಾವೆಂದು ಹೆದರಿದರು. ಇದು ವಿಷದ ಹಾವೇ? ಮತ್ತೆ ಸಿಕ್ಕರೆ ಏನು ಮಾಡಬೇಕು?

ಉತ್ತರ: ದಯವಿಟ್ಟು ಹೊಡೆಯಬೇಡಿ. ನೀವು ಬರೆದಿರುವ ಬಾಲ ಶೀಲ್ಡ್‌ಟೇಲ್ ಹಾವಿನದು, ಅದಕ್ಕೆ ವಿಷವಿಲ್ಲ. ದಕ್ಷಿಣ ಭಾರತ, ಶ್ರೀಲಂಕಾ ಬಿಟ್ಟರೆ ಈ ಕುಟುಂಬದ ಹಾವುಗಳು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಚೂಪು ಮೂತಿಯಿಂದ ಮಣ್ಣು ಸೀಳಿ ಎರೆಹುಳು ಹಿಡಿಯುತ್ತವೆ. ಬಾಲದ ಒರಟು ಬಿಲ್ಲೆಗೆ ಅಂಟಿದ ಮಣ್ಣು ಬಿಲಕ್ಕೆ ಬಿರಡೆಯಂತಾಗುತ್ತದೆ. ಬೇಸಿಗೆಯಲ್ಲಿ ತೇವ ಹುಡುಕಿ ಆಳಕ್ಕಿಳಿಯುವುದರಿಂದ ಗುಂಡಿ ತೆಗೆಯುವಾಗಲೇ ಸಿಗುವುದು ಹೆಚ್ಚು.

ಎರೆಹುಳುವಿನಷ್ಟೇ ಸಣ್ಣದಾಗಿ, ಹುರುಪೆ ಇದ್ದು, ನಾಲಿಗೆ ಚಾಚುತ್ತಿದ್ದರೆ ಅದು ಕುರುಡು ಹಾವು. ಇರುವೆ, ಗೆದ್ದಲುಗಳ ಮೊಟ್ಟೆ, ಮರಿ ತಿನ್ನುತ್ತದೆ. ಒದ್ದೆ ಲೋಳೆ ಚರ್ಮ, ಮೈತುಂಬ ಉಂಗುರದ ಗೆರೆಗಳಿದ್ದರೆ ಅದು ಹಾವೇ ಅಲ್ಲ, ಕಪ್ಪೆಯ ನೆಂಟ ಸಿಸಿಲಿಯನ್. ಬಿಸಿಲಿಗೆ ಬೇಗ ಒಣಗಿ ಸಾಯುತ್ತದೆ, ತಕ್ಷಣ ತೇವದ ಮಣ್ಣು ಮುಚ್ಚಿ.

ಎಚ್ಚರ ಬೇಕಾದದ್ದು ಇಲ್ಲಿ. ಘಟ್ಟದ ತೋಟಗಳಲ್ಲಿ ವಿಷದ ಹವಳದ ಹಾವೂ ಇದೆ: ತೆಳ್ಳಗಿನ ಮೈ, ಕೆಂಪು ಹೊಟ್ಟೆ. ಕೆಲವು ಶೀಲ್ಡ್‌ಟೇಲ್‌ಗಳ ಹೊಟ್ಟೆಯೂ ಕೆಂಪೋ ಹಳದಿಯೋ ಇರುವುದರಿಂದ ಬಣ್ಣ ನಂಬಬೇಡಿ. ಹವಳದ ಹಾವಿನ ಬಾಲ ಮೊಂಡಲ್ಲ, ಸಣ್ಣಗಾಗುತ್ತ ಚೂಪಾಗುತ್ತದೆ. ನಮ್ಮಲ್ಲಿ ಸಿಗುವ ಸಾಮಾನ್ಯ ಹಾವಿನ ವಿಷದ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗೆ ಮಾತ್ರ ತಯಾರಾದದ್ದು. ಹಾಗಾಗಿ ಯಾವುದನ್ನೂ ಬರಿಗೈಯಲ್ಲಿ ಮುಟ್ಟಕೂಡದು. ಕುಶಾಲನಗರದ ಕಡೆಯ ಒಣ ಹೊಲದಲ್ಲಿ ದಪ್ಪ ಮೈಯ, ಕಂದು ಮಚ್ಚೆಯ ಹಾವು ಕಂಡರೆ ವಿಷವಿಲ್ಲದ ಮಣ್ಣುಮುಕ್ಕ ಹಾವಿನ ಜಾತಿಯೆಂದು ತೀರ್ಮಾನಿಸಬೇಡಿ, ಕೊಳಕುಮಂಡಲ ಇರಬಹುದು; ಹಿಂದೆ ಸರಿದು ಅರಣ್ಯ ಇಲಾಖೆಗೆ ತಿಳಿಸಿ.

ಶೀಲ್ಡ್‌ಟೇಲ್ ಸಿಕ್ಕಿದಾಗ ಅಗೆತ ನಿಲ್ಲಿಸಿ, ಅದರ ಕೆಳಗಿನಿಂದ ಸಲಿಕೆ ತೂರಿಸಿ ಮಣ್ಣಿನ ಸಮೇತ ಎತ್ತಿ. ಬಾಲ ಹಿಡಿದು ಜಗ್ಗಿದರೆ ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ಬಕೆಟ್‌ನಲ್ಲಿ ನಾಲ್ಕು ಬೆರಳು ತೇವದ ಮಣ್ಣು ಹಾಕಿ, ಮೇಲೆ ತರಗೆಲೆ ಹರಡಿ ನೆರಳಲ್ಲಿಡಿ, ನೀರು ತುಂಬಬೇಡಿ. ಅದೇ ದಿನ ಸಂಜೆ, ಸಿಕ್ಕ ಜಾಗದಿಂದ ಹತ್ತಿಪ್ಪತ್ತು ಹೆಜ್ಜೆಯೊಳಗೆ, ಅಗೆಯದ ಮರದ ಬುಡದಲ್ಲಿ ಬಿಡಿ. ದೂರದ ಕಾಡಿಗೆ ಒಯ್ದರೆ ಹೊಸ ಮಣ್ಣಿನಲ್ಲಿ ಅದಕ್ಕೆ ನೆಲೆ ಸಿಗದು. ಹಿಡಿದಿಟ್ಟುಕೊಳ್ಳುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಯಾವ ಹಾವೆಂದು ತಿಳಿಯದೆ ಕಚ್ಚಿಸಿಕೊಂಡರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ಕೈ ಅಲುಗಾಡಿಸದೆ ನೇರ ಆಸ್ಪತ್ರೆಗೆ ಹೋಗಿ. ದೂರದಿಂದ ತೆಗೆದ ತಲೆ, ಬಾಲದ ಫೋಟೊ ಇದ್ದರೆ ವೈದ್ಯರಿಗೆ ತೋರಿಸಿ.