ವೈಟ್ ಲೈಟ್ ತೆಗೆದು ಹಳದಿ ಹಾಕಿದ್ರೆ ಹುಳ ಕಮ್ಮಿ ಆಗುತ್ತಾ?

ಅಪಾರ್ಟ್‌ಮೆಂಟ್ ಗಾರ್ಡನ್ನಿನ ವೈಟ್ ಎಲ್‌ಇಡಿ ತೆಗೆಸಿ ಹಳದಿ ಹಾಕ್ಸಿದ್ರೆ ಹುಳ ಸಾಯೋದು ಕಮ್ಮಿ ಆಗುತ್ತಾ ಅಂತ ಕೇಳಿದ್ರಲ್ಲ, ಆಗುತ್ತೆ ಸರ್, ಆದ್ರೆ ಪೂರ್ತಿ ನಿಲ್ಲಲ್ಲ. ಹುಳದ ಕಣ್ಣಿಗೆ ನೀಲಿ, ಯುವಿ (ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಬೆಳಕು) ಚೆನ್ನಾಗಿ ಕಾಣುತ್ತೆ, ಬಲ್ಬಿನ ಡಬ್ಬಿ ಮೇಲೆ 6500ಕೆ (ಕೆ ಅಂದ್ರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಅಂತಿದ್ರೆ ನೀಲಿ ಜಾಸ್ತಿ ಅಂತರ್ಥ, 2700ಕೆ ಅಥವಾ ಅದಕ್ಕೂ ಕಮ್ಮಿದು ತಗೊಳ್ಳಿ.

ಅಂದಹಾಗೆ ಹುಳ ಬೆಳಕಿಗೆ ಆಸೆಪಟ್ಟು ಬರಲ್ವಂತೆ! 2024ರಲ್ಲಿ ಬಂದ ಒಂದು ಸ್ಟಡಿಲಿ ಹೈಸ್ಪೀಡ್ ಕ್ಯಾಮೆರಾ ಇಟ್ಟು ನೋಡಿದ್ರೆ ಅವು ಬೆನ್ನನ್ನ ಬೆಳಕಿನ ಕಡೆ ವಾಲಿಸ್ಕೊಂಡು ಹಾರ್ತಿದ್ವು, ಬೆಳಕು ಇರೋ ಕಡೆನೇ ಆಕಾಶ ಅನ್ನೋ ಲೆಕ್ಕ ಅವಕ್ಕೆ, ಬಲ್ಬು ಪಕ್ಕದಲ್ಲಿದ್ರೆ ಲೆಕ್ಕ ತಪ್ಪಿ ಅಲ್ಲೇ ಗಿರಕಿ ಹೊಡೀತವೆ. ನಮ್ಮನೆ ಮೆಟ್ಟಿಲ ಲೈಟ್ ಪಕ್ಕ ಬಾಲ ಮುರಿದ ಹಲ್ಲಿ ಒಂದಿದೆ, ಏಳು ಗಂಟೆಗೆ ಡ್ಯೂಟಿಗೆ ಬಂದಂಗೆ ಬಂದು ಕೂರುತ್ತೆ.

ಬಣ್ಣಕ್ಕಿಂತ ಮುಖ್ಯ ಬೆಳಕು ಎತ್ಲಾಗೆ ಬೀಳುತ್ತೆ ಅನ್ನೋದು. ಮರಕ್ಕೆ ಕೆಳಗಿಂದ ಹೊಡೆಯೋ ಫೋಕಸ್ ಲೈಟ್ ಮೊದಲು ತೆಗೆಸಿ, ದಾರಿ ದೀಪಕ್ಕೆ ಮೇಲೊಂದು ಮುಚ್ಚಳ ಹಾಕ್ಸಿ, ರಾತ್ರಿ ಹನ್ನೊಂದಕ್ಕೆ ಆಫ್ ಆಗೋ ಟೈಮರ್ ಇಡ್ಸಿ. ಬೆಂಗಳೂರಿನ ಐಐಎಸ್‌ಸಿ ಕ್ಯಾಂಪಸ್ಸಿನ ಮರಗಳಲ್ಲಿ ಕಾಡುಪಾಪ (ರಾತ್ರಿ ಓಡಾಡೋ ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ) ಇದಾವೆ ಗೊತ್ತಲ್ವಾ, ಅವನ್ನ ಹುಡುಕೋರೂ ಅವಕ್ಕೆ ತೊಂದರೆ ಆಗ್ಬಾರ್ದು ಅಂತ ಕೆಂಪು ಟಾರ್ಚೇ ಹಿಡ್ಕೊಂಡು ಹೋಗೋದು.