ನಡ್ಕೊಂಡೇ ಹೊರಗೆ ಹೋದ ಹುಡುಗನ ಸೀಸನ್ ಹೇಗೆ ಮುಗೀತು?

ಈ ಸಲ ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಮೂರು ಪ್ರಶ್ನೆ ಬಂದಿವೆ. ಮೂರೂ ಕ್ವಾರ್ಟರ್‌ಬ್ಯಾಕ್‌ನ, ಅಂದರೆ ಚೆಂಡು ಎಸೆದು ಆಟ ನಡೆಸುವವನ, ಪೆಟ್ಟಿನ ಸುತ್ತಲೇ ಇವೆ. ನಾಲ್ಕನೆಯದು ನಮ್ಮ ಕಡೆಯ ಕಬಡ್ಡಿ ಅಂಗಳದ್ದು. ಪೆಟ್ಟು ಒಂದೇ ಇರಬಹುದು ಅಂತ ಅನುಮಾನ ಬಂತು, ಹಾಗಾಗಿ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ನಾನು ಕ್ರೀಡಾ ಫಿಸಿಯೊಥೆರಪಿಸ್ಟ್. ಪಾದದ ಪೆಟ್ಟುಗಳೇ ನನ್ನ ದಿನದ ಕೆಲಸ.

ಪ್ರಶ್ನೆ: ನಾವು ಮಿಷಿಗನ್‌ನಲ್ಲಿದ್ದೇವೆ. ಮಗನ ಕಾಲೇಜಿನ ಕ್ವಾರ್ಟರ್‌ಬ್ಯಾಕ್ ಬಿದ್ದಾಗ ಅವನ ಹಿಮ್ಮಡಿ ಮೇಲೆ ಇನ್ನೊಬ್ಬ ಬಿದ್ದ, ಅಷ್ಟೇ. ಹುಡುಗ ಕುಂಟುತ್ತಾ ತಾನೇ ನಡೆದು ಹೊರಗೆ ಹೋದ. ಎರಡು ದಿನ ಬಿಟ್ಟು ‘ಲಿಸ್‌ಫ್ರಾಂಕ್ ಪೆಟ್ಟು, ಆಪರೇಷನ್, ಸೀಸನ್ ಮುಗೀತು’ ಅಂದರು. ಮಗ ಅವತ್ತು ಸರಿಯಾಗಿ ಊಟ ಕೂಡ ಮಾಡಲಿಲ್ಲ. ಇಷ್ಟು ಸಣ್ಣ ಪೆಟ್ಟಿಗೆ ಇಷ್ಟೊಂದಾ?

ಉತ್ತರ: ನೋಡೋಕೆ ಸಣ್ಣದು, ಒಳಗೆ ದೊಡ್ಡದು. ಈ ಪೆಟ್ಟಿನ ಗುಣವೇ ಅದು.

ನಿಮ್ಮ ಪಾದದ ಮೇಲ್ಭಾಗ ಮುಟ್ಟಿ ನೋಡಿ. ಶೂ ಲೇಸ್ ಕಟ್ಟುವ ಜಾಗದಲ್ಲಿ ಒಂದು ಉಬ್ಬು ಇದೆ. ಬೆರಳುಗಳ ಕಡೆಯಿಂದ ಬರುವ ಐದು ಉದ್ದ ಮೂಳೆಗಳು ಅಲ್ಲೇ ಪಾದದ ಹಿಂಭಾಗದ ಗಿಡ್ಡ ಮೂಳೆಗಳಿಗೆ ಸೇರುತ್ತವೆ. ನೆಪೋಲಿಯನ್ ಕಾಲದ ಫ್ರೆಂಚ್ ಸರ್ಜನ್ ಜಾಕ್ ಲಿಸ್‌ಫ್ರಾಂಕ್ ಈ ಕೀಲುಗಳ ಸಾಲಿನಲ್ಲೇ ಪಾದ ಕತ್ತರಿಸುವ ವಿಧಾನವನ್ನು ಬರೆದಿಟ್ಟರು, ಹೆಸರು ಅವರಿಂದ ಬಂತು. ಇಲ್ಲಿ ಎರಡನೇ ಬೆರಳಿನ ಮೂಳೆಯ ಬುಡ ಕಮಾನಿನ ನಡುಗಲ್ಲಿನ ಹಾಗೆ ಒಳಗೆ ಸಿಕ್ಕಿಕೊಂಡಿರುತ್ತದೆ. ಆದರೆ ಹೆಬ್ಬೆರಳಿನ ಮೂಳೆಗೂ ಎರಡನೇ ಬೆರಳಿನ ಮೂಳೆಗೂ ಬುಡದಲ್ಲಿ ನೇರ ಕಟ್ಟು ಇಲ್ಲ. ಓರೆಯಾಗಿ ಹಾದುಹೋಗುವ ಒಂದು ಗಟ್ಟಿ ಲಿಗಮೆಂಟ್ (ಮೂಳೆಗಳನ್ನು ಕಟ್ಟಿಹಿಡಿಯುವ ನಾರು) ಮೇಲೆ ಆ ಜಾಗದ ಭಾರ ನಿಂತಿದೆ. ಅದು ಹರಿದರೆ ನಡುಗಲ್ಲು ಸಡಿಲ, ಕಮಾನು ಕುಸಿಯುತ್ತದೆ.

ನೀವು ಹೇಳಿದ ದೃಶ್ಯ ಇದಕ್ಕೆ ಸರಿಯಾಗಿ ಹೊಂದುತ್ತದೆ. ಹುಡುಗನ ಬೆರಳುಗಳು ನೆಲಕ್ಕೆ ಒತ್ತಿವೆ, ಹಿಮ್ಮಡಿ ಮೇಲೆದ್ದಿದೆ. ಆ ಹಿಮ್ಮಡಿ ಮೇಲೆ ನೂರು ಕೆಜಿ ದಾಟಿದ ಒಬ್ಬ ಬೀಳುತ್ತಾನೆ. ಬಲವೆಲ್ಲ ಪಾದದ ನಡುವೆ ಬಂದು ಮಡಚುತ್ತದೆ. ಮೂಳೆ ಮುರಿಯದೆಯೂ ಲಿಗಮೆಂಟ್ ಹರಿಯಬಹುದು. ಅದಕ್ಕೇ ಅವನು ನಡೆದು ಹೋದ.

ನನ್ನ ಹತ್ತಿರ ಇಂಥವರು ಬಂದರೆ ನಾನು ಮೊದಲು ಪಾದ ಎತ್ತಿಸಿ ಅಂಗಾಲು ನೋಡುತ್ತೇನೆ. ಮಾಮೂಲಿ ಉಳುಕಿನಲ್ಲಿ ಊತ, ನೀಲಿ ಎಲ್ಲ ಹರಡಿನ ಪಕ್ಕದಲ್ಲಿರುತ್ತದೆ. ಅಂಗಾಲಿನ ನಡುವೆ ನೇರಳೆ ಹಣ್ಣು ಜಜ್ಜಿದ ಹಾಗೆ ಕಲೆ ಇದ್ದರೆ ನನ್ನ ಎದೆ ಧಸಕ್ ಅನ್ನುತ್ತದೆ. ಆಮೇಲೆ ಎಕ್ಸ್‌ರೇ. ಮಲಗಿಸಿ ತೆಗೆದರೆ ಎಷ್ಟೋ ಸಲ ಎಲ್ಲ ಸರಿಯಾಗಿಯೇ ಕಾಣುತ್ತದೆ. ಎರಡೂ ಪಾದದ ಮೇಲೆ ಭಾರ ಹಾಕಿ ನಿಲ್ಲಿಸಿ, ಎರಡನ್ನೂ ಹೋಲಿಸಿ ನೋಡಬೇಕು. ಆಗ ಪೆಟ್ಟಾದ ಪಾದದಲ್ಲಿ ಮೊದಲ ಎರಡು ಮೂಳೆಗಳ ನಡುವೆ ಸಂದು ಬಿಟ್ಟಿರುವುದು ಕಾಣುತ್ತದೆ. 2 ಮಿಲಿಮೀಟರ್ ದಾಟಿದರೂ ಅದು ಜಾಸ್ತಿಯೇ. ಎರಡು ದಿನ ಬಿಟ್ಟು ಹೇಳಿದರಲ್ವಾ, ಬಹುಶಃ ಈ ಪರೀಕ್ಷೆಗಳಿಗೆ ಹಿಡಿದ ಹೊತ್ತು ಅದು.

ಆಪರೇಷನ್‌ನಲ್ಲಿ ಸ್ಕ್ರೂ ಅಥವಾ ಪ್ಲೇಟ್ ಹಾಕಿ ಮೂಳೆಗಳನ್ನು ಜಾಗಕ್ಕೆ ಕೂರಿಸುತ್ತಾರೆ. ಆರರಿಂದ ಎಂಟು ವಾರ ಆ ಕಾಲು ನೆಲಕ್ಕೆ ಊರುವ ಹಾಗಿಲ್ಲ. ಆಮೇಲೆ ಪಾದ ಅಲುಗದಂತೆ ಹಿಡಿಯುವ ಬೂಟು, ಆಮೇಲೆ ನಡಿಗೆ, ಆಮೇಲೆ ಓಟ. ಪೂರಾ ಆಟಕ್ಕೆ ಮರಳಲು ಆರು ತಿಂಗಳಿಂದ ವರ್ಷ ಹಿಡಿಯುತ್ತದೆ. ಕಾಲೇಜು ಸೀಸನ್ ಆಗಸ್ಟ್ ಕೊನೆಗೆ ಶುರುವಾಗಿ ಡಿಸೆಂಬರ್, ಜನವರಿಗೆ ಮುಗಿದೇ ಹೋಗುತ್ತದೆ. ಲೆಕ್ಕ ಅಲ್ಲೇ ತಪ್ಪುತ್ತದೆ.

ಕ್ವಾರ್ಟರ್‌ಬ್ಯಾಕ್‌ಗಂತೂ ಪಾದವೇ ಬಂಡವಾಳ. ಚೆಂಡು ಎಸೆಯುವುದು ಕೈ, ಆದರೆ ಬಲ ಬರುವುದು ಹಿಂದಿನ ಕಾಲು ನೆಲವನ್ನು ಒತ್ತಿದಾಗ. ಆ ಪಾದ ಕುಸಿದರೆ ಕೈ ಒಂದೇ ಎಸೆಯಬೇಕು, ಚೆಂಡು ಗುರಿಗಿಂತ ಮೊದಲೇ ಬೀಳುತ್ತದೆ.

ಮಗನಿಗೆ ಇದೊಂದು ಹೇಳಿ. ವೃತ್ತಿಪರ ಲೀಗಿನಲ್ಲಿ ಹ್ಯೂಸ್ಟನ್ ತಂಡದ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ಶಾಬ್‌ಗೆ 2011ರ ನವೆಂಬರ್‌ನಲ್ಲಿ ಇದೇ ಪೆಟ್ಟಾಗಿತ್ತು. 2012ರಲ್ಲಿ ಅವರು 16ಕ್ಕೆ 16 ಪಂದ್ಯವನ್ನೂ ಆಡಿದರು, ತಂಡ 12 ಗೆದ್ದಿತು. ಕಾದರೆ ಪಾದ ಮರಳುತ್ತದೆ.

ಪ್ರಶ್ನೆ: ನಾನು ಬೆಂಗಳೂರಿನವನು, ರಾತ್ರಿ ಎದ್ದು ಈ ಆಟ ನೋಡುತ್ತೇನೆ. ಹನ್ನೊಂದು ಜನರಲ್ಲಿ ಕ್ವಾರ್ಟರ್‌ಬ್ಯಾಕ್ ಒಬ್ಬ ಹೋದರೆ ತಂಡವೇ ಯಾಕೆ ತತ್ತರಿಸಬೇಕು? ತತ್ತರಿಸದೆ ನಿಂತವರು ಇದ್ದಾರಾ?

ಉತ್ತರ: ಇದ್ದಾರೆ. ಆದರೆ ಮೊದಲು, ಒಬ್ಬ ಹೋದರೆ ಏನೇನು ಹೋಗುತ್ತದೆ ನೋಡಿ.

ಪ್ರತಿ ಚೆಂಡೂ ಅವನ ಕೈಗೇ ಬರುತ್ತದೆ. ಚೆಂಡು ಹಿಂದಕ್ಕೆ ಕೊಡುವವನಿಗೆ ಅವನ ದನಿಯ ಲಯ ರೂಢಿಯಾಗಿರುತ್ತದೆ. ಮುಂದಿನ ಸಾಲಿನ ಐವರೂ ಆ ದನಿಗೇ ಒಟ್ಟಿಗೆ ಏಳುತ್ತಾರೆ. ಹೊಸಬ ಕೂಗಿದರೆ ಅರೆಕ್ಷಣ ಮೊದಲೋ ತಡವೋ ಆಗಿ ದಂಡ ಬೀಳುತ್ತದೆ. ಹಿಡಿಯುವವರಿಗೆ ಅವನ ಚೆಂಡಿನ ವೇಗ, ತಿರುಗುವ ರೀತಿ ಕೈಗೆ ಗೊತ್ತಿರುತ್ತದೆ. ಬದಲಿ ಹುಡುಗ ಎಡಗೈಯವನಾದರೆ ಚೆಂಡು ಉಲ್ಟಾ ತಿರುಗಿಕೊಂಡು ಬರುತ್ತದೆ! ಇದನ್ನೆಲ್ಲ ಅಭ್ಯಾಸದಲ್ಲೇ ಕಲಿಯಬೇಕು. ಆದರೆ ವಾರದ ಅಭ್ಯಾಸದ ಬಹುಪಾಲು ಮೊದಲ ಹುಡುಗನಿಗೇ ಸಿಗುತ್ತದೆ. ಬದಲಿಯವನು ಪಕ್ಕದಲ್ಲಿ ನಿಂತು ನೋಡುತ್ತಾನೆ. ನನ್ನ ಮಟ್ಟಿಗೆ ಪೆಟ್ಟಿನ ನಿಜವಾದ ಬೆಲೆ ತೀರ್ಮಾನವಾಗುವುದು ಅಲ್ಲೇ, ಪೆಟ್ಟು ಬೀಳುವ ಎಷ್ಟೋ ವಾರ ಮುಂಚೆ.

2014ರ ಓಹಾಯೊ ಸ್ಟೇಟ್ ತಂಡವನ್ನು ನೋಡಿ. ಆಗಸ್ಟ್ ಅಭ್ಯಾಸದಲ್ಲೇ ಬ್ರಾಕ್ಸ್‌ಟನ್ ಮಿಲ್ಲರ್ ಭುಜ ಹೋಯಿತು, ಸೀಸನ್ ಮುಗೀತು. ಬದಲಿಗೆ ಬಂದ ಜೆ.ಟಿ. ಬ್ಯಾರೆಟ್ ಎರಡನೇ ಪಂದ್ಯದಲ್ಲೇ ವರ್ಜೀನಿಯಾ ಟೆಕ್ ಎದುರು ಸೋತ. ಆದರೆ ಬೆಳೆದ. ನವೆಂಬರ್ 29ರಂದು ಮಿಷಿಗನ್ ವಿರುದ್ಧದ ಪಂದ್ಯದ ಕೊನೆಯ ಕಾಲುಭಾಗದಲ್ಲಿ ಅವನ ಹರಡು ಮುರಿಯಿತು. ಉಳಿದವನು ಮೂರನೆಯವನು, ಕಾರ್ಡೇಲ್ ಜೋನ್ಸ್. ಅದುವರೆಗೆ ಒಂದು ಪಂದ್ಯವನ್ನೂ ಶುರುವಿನಿಂದ ಆಡಿದವನಲ್ಲ. ಒಂದು ವಾರ ಬಿಟ್ಟು ವಿಸ್ಕಾನ್ಸಿನ್ ಎದುರು 59-0. ಆಮೇಲೆ ಅಲಬಾಮಾ ಎದುರು 42-35. 2015ರ ಜನವರಿ 12ರಂದು ಒರೆಗಾನ್ ಎದುರು 42-20, ರಾಷ್ಟ್ರೀಯ ಚಾಂಪಿಯನ್.

ಜೋನ್ಸ್ ಒಬ್ಬನೇ ಗೆಲ್ಲಿಸಲಿಲ್ಲ ಅನ್ನುವುದನ್ನು ಗಮನಿಸಿ. ಚೆಂಡು ಹಿಡಿದು ಓಡುವ ಎಜೆಕಿಯಲ್ ಎಲಿಯಟ್ ಆ ಮೂರು ಪಂದ್ಯಗಳಲ್ಲಿ 220, 230, 246 ಗಜ ಓಡಿದ. ಎಸೆಯುವವನ ಹೆಗಲಿನ ಭಾರವನ್ನು ಓಡುವವನ ಕಾಲಿಗೆ ಹಾಕಿದರು. ಜೋನ್ಸ್‌ಗೆ ಉಳಿದದ್ದು ತನಗೆ ಚೆನ್ನಾಗಿ ಬರುವ ಕೆಲಸ, ದೂರ ಎಸೆಯುವುದು. ಬದಲಿ ಹುಡುಗನಿಗೆ ಹಳಬನ ಬಟ್ಟೆ ತೊಡಿಸಬಾರದು, ಅವನ ಅಳತೆಗೇ ಹೊಲಿಯಬೇಕು.

ಬೇಲರ್ ವಿಶ್ವವಿದ್ಯಾಲಯದ ತಂಡ ಇನ್ನೂ ಮುಂದೆ ಹೋಯಿತು. 2015ರಲ್ಲಿ ಮೊದಲ ಕ್ವಾರ್ಟರ್‌ಬ್ಯಾಕ್‌ಗೆ ಕುತ್ತಿಗೆಗೆ ಪೆಟ್ಟು, ಎರಡನೆಯವನಿಗೆ ಹರಡಿಗೆ. ಸೀಸನ್ ಕೊನೆಗೆ ನಡೆಯುವ ಬೌಲ್ ಪಂದ್ಯದಲ್ಲಿ ಎಸೆಯುವುದನ್ನೇ ಹೆಚ್ಚುಕಡಿಮೆ ಬಿಟ್ಟು, ಚೆಂಡನ್ನು ನೇರ ಓಟಗಾರರ ಕೈಗೆ ಕೊಟ್ಟರು. ನಾರ್ತ್ ಕ್ಯಾರೊಲಿನಾ ಎದುರು 645 ಗಜ ಓಡಿದರು, ಬೌಲ್ ಪಂದ್ಯಗಳ ದಾಖಲೆ ಅದು. 49-38 ಗೆದ್ದರು.

ಗೆದ್ದರೂ ಸಿಗದ ನ್ಯಾಯವೂ ಇದೆ. 2023ರ ನವೆಂಬರ್‌ನಲ್ಲಿ ಫ್ಲೋರಿಡಾ ಸ್ಟೇಟ್‌ನ ಜೋರ್ಡನ್ ಟ್ರಾವಿಸ್ ಕಾಲಿಗೆ ಘೋರ ಪೆಟ್ಟಾಯಿತು. ತಂಡ ಬದಲಿ ಹುಡುಗರನ್ನು ಇಟ್ಟುಕೊಂಡೇ ಉಳಿದ ಪಂದ್ಯ ಗೆದ್ದು 13-0 ಆಯಿತು. ಆದರೂ ಆಯ್ಕೆ ಸಮಿತಿಯವರು ಚಾಂಪಿಯನ್ ಪಟ್ಟಕ್ಕೆ ನಡೆಯುವ ಪ್ಲೇಆಫ್‌ಗೆ ಆರಿಸಲಿಲ್ಲ, ಕ್ವಾರ್ಟರ್‌ಬ್ಯಾಕ್ ಇಲ್ಲದ ತಂಡ ಮೊದಲಿನಂತಿಲ್ಲ ಅಂದರು. ನನ್ನ ಕಾಲು ಇನ್ನೂ ಮೊದಲೇ ಮುರಿಯಬೇಕಿತ್ತು, ಆಗಲಾದರೂ ಈ ತಂಡ ನನಗಿಂತ ದೊಡ್ಡದು ಅಂತ ನಿಮಗೆ ಕಾಣುತ್ತಿತ್ತು ಎಂಬ ಅರ್ಥದಲ್ಲಿ ಟ್ರಾವಿಸ್ ಬರೆದ. ಅದನ್ನು ಓದಿದಾಗ ಗಂಟಲು ಕಟ್ಟಿತು. ಆ ತೀರ್ಮಾನ ತಪ್ಪು ಅಂತಲೇ ನಾನು ಇವತ್ತಿಗೂ ಹೇಳುತ್ತೇನೆ. ಗೆದ್ದ ಪಂದ್ಯ ಗೆದ್ದದ್ದೇ.

ಪ್ರಶ್ನೆ: ನೋವು ನುಂಗಿ ಆಡಿದ ಕ್ವಾರ್ಟರ್‌ಬ್ಯಾಕ್‌ಗಳನ್ನು ಎಲ್ಲರೂ ಹೊಗಳುತ್ತಾರೆ. ಮತ್ತೆ ಆಡಬಹುದೋ ಇಲ್ಲವೋ ಅಂತ ಹೇಳುವವರು ಯಾರು? ಆಡದೆ ಹೋದರೆ ಸ್ಕಾಲರ್‌ಶಿಪ್ ಹೋಗುತ್ತಾ?

ಉತ್ತರ: ಮೊದಲು ಹೊಗಳಿಕೆಯ ಮಾತು. 2013ರ ನವೆಂಬರ್ 30, ಮಿಷಿಗನ್ ಮತ್ತು ಓಹಾಯೊ ಸ್ಟೇಟ್. ಮಿಷಿಗನ್‌ನ ಡೆವಿನ್ ಗಾರ್ಡ್‌ನರ್ ಪಾದಕ್ಕೆ ಆಟದ ನಡುವೆಯೇ ಪೆಟ್ಟಾಯಿತು. ಆದರೂ ಮೈದಾನ ಬಿಡಲಿಲ್ಲ. ಒಟ್ಟು 451 ಗಜ ಎಸೆದ. 42-41ರಲ್ಲಿ, ಒಂದೇ ಅಂಕದಲ್ಲಿ ಸೋತರು. ಆ ಧೈರ್ಯಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ಡಿಸೆಂಬರ್ 28ರ ಬೌಲ್ ಪಂದ್ಯಕ್ಕೆ ಅವನು ಊರುಗೋಲು ಹಿಡಿದಿದ್ದ. ಮೊದಲ ವರ್ಷದ ಶೇನ್ ಮಾರಿಸ್ ಮೊದಲ ಸಲ ಶುರುವಿನಿಂದ ಆಡಿದ. ಕಾನ್ಸಾಸ್ ಸ್ಟೇಟ್ 31-14 ಗೆದ್ದಿತು.

ಮುಂದಿನ ವರ್ಷ ಅದೇ ಮಾರಿಸ್, ಮಿನ್ನೆಸೋಟ ಎದುರು. ಹರಡು ನೋವಿನಿಂದ ಆಗಲೇ ಕುಂಟುತ್ತಿದ್ದ. ಆಗ ತಲೆಗೆ ಪೆಟ್ಟು ಬಿತ್ತು, ತೂರಾಡಿದ, ಜೊತೆಯವನ ಮೈಮೇಲೆ ಒರಗಿದ. ಹೊರಗಿದ್ದವರು ಆ ಪೆಟ್ಟನ್ನು ನೋಡಿರಲಿಲ್ಲ, ಕಾಲು ನೋವಿಗೇ ತೂರಾಡುತ್ತಿದ್ದಾನೆ ಅಂದುಕೊಂಡರು. ಅವನು ಮತ್ತೆ ಆಡಿದ. ತಲೆಗೂ ಪೆಟ್ಟಾಗಿತ್ತು ಅಂತ ಆಮೇಲೆ ವಿಶ್ವವಿದ್ಯಾಲಯವೇ ಹೇಳಿತು. ಕುಂಟುವವನನ್ನು ಆಡಿಸಿದರೆ ಹೀಗೂ ಆಗುತ್ತದೆ, ಒಂದು ನೋವು ಇನ್ನೊಂದನ್ನು ಮುಚ್ಚಿಬಿಡುತ್ತದೆ.

2016ರಲ್ಲಿ ದೊಡ್ಡ ಐದು ಲೀಗ್‌ಗಳು ಒಂದು ನಿಯಮ ಮಾಡಿಕೊಂಡವು. ಆಟಗಾರ ಮರಳಬೇಕೋ ಬೇಡವೋ ಅನ್ನುವುದರಲ್ಲಿ ತಂಡದ ವೈದ್ಯರು ಮತ್ತು ಪೆಟ್ಟು ನೋಡಿಕೊಳ್ಳುವ ಅಥ್ಲೆಟಿಕ್ ಟ್ರೇನರ್‌ಗಳ ಮಾತೇ ಕೊನೆ, ಕೋಚ್ ಅದನ್ನು ಪ್ರಶ್ನಿಸುವಂತಿಲ್ಲ. ಇದಕ್ಕಿಂತ ಒಳ್ಳೆಯ ನಿಯಮ ಈ ಆಟದಲ್ಲಿ ಕಡಿಮೆ.

ಸ್ಕಾಲರ್‌ಶಿಪ್ ಬಗ್ಗೆ ಭಯ ಬೇಡ. 2024ರ ಆಗಸ್ಟ್ 1ರಿಂದ ಎನ್‌ಸಿಎಎ (ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ) ಡಿವಿಷನ್ ಒಂದರ, ಅಂದರೆ ಮೇಲಿನ ದರ್ಜೆಯ, ಕಾಲೇಜುಗಳು ಪೆಟ್ಟಿನ ಕಾರಣಕ್ಕೆ ಅದನ್ನು ಕಿತ್ತುಕೊಳ್ಳುವಂತಿಲ್ಲ. ಆಟದಲ್ಲಾದ ಪೆಟ್ಟಿಗೆ ಕಾಲೇಜು ಬಿಟ್ಟ ಮೇಲೂ ಕನಿಷ್ಠ ಎರಡು ವರ್ಷ ಚಿಕಿತ್ಸೆಯ ಖರ್ಚು ನೋಡಬೇಕು.

ದುಡ್ಡಿಗಿಂತ ಒಂಟಿತನ ಜಾಸ್ತಿ ಕಾಡುತ್ತದೆ. ತಂಡ ಬೇರೆ ಊರಿಗೆ ಆಡಲು ಹೋದಾಗ ಇವನು ಕಾಲು ಎತ್ತಿಟ್ಟುಕೊಂಡು ಕೋಣೆಯಲ್ಲಿರುತ್ತಾನೆ. ಒಳ್ಳೆಯ ತಂಡ ಅವನನ್ನು ಸಭೆಗಳಿಗೆ ಕರೆಯುತ್ತದೆ, ಎದುರಾಳಿಯ ವಿಡಿಯೊ ನೋಡಿಸುತ್ತದೆ, ಬದಲಿ ಹುಡುಗನ ಪಕ್ಕ ನಿಲ್ಲಿಸುತ್ತದೆ. ಬ್ಯಾರೆಟ್ ಹರಡು ಮುರಿದುಕೊಂಡು ಬಿದ್ದಿದ್ದಾಗ ಎದುರಾಳಿ ತಂಡದ ಕ್ವಾರ್ಟರ್‌ಬ್ಯಾಕ್ ಒಬ್ಬ ಬಂದು ಅವನ ಪಕ್ಕ ಬಗ್ಗಿ ಕೂತು ಸಮಾಧಾನ ಹೇಳಿದ. ಡೆವಿನ್ ಗಾರ್ಡ್‌ನರ್. ಹಿಂದಿನ ವರ್ಷ ಇದೇ ಓಹಾಯೊ ಸ್ಟೇಟ್ ಎದುರು ಪಾದ ಕೆಡಿಸಿಕೊಂಡವನು.

ಪ್ರಶ್ನೆ: ತಮ್ಮ ಮಂಡ್ಯದಲ್ಲಿ ಕಬಡ್ಡಿ ಆಡುತ್ತಾನೆ. ಮೂರು ವಾರದ ಹಿಂದೆ ರೈಡಿಂಗ್‌ನಲ್ಲಿ ಪಾದ ಮಡಚಿತು, ಹಿಮ್ಮಡಿ ಮೇಲೆ ಇಬ್ಬರು ಬಿದ್ದರು. ಎಕ್ಸ್‌ರೇ ಸರಿಯಿದೆ ಅಂದರು. ಉಳುಕು ತೆಗೆಯುವವರ ಹತ್ತಿರ ದಿನಾ ನೀವಿಸಿಕೊಳ್ಳುತ್ತಿದ್ದಾನೆ. ತುದಿಗಾಲಲ್ಲಿ ನಿಲ್ಲೋಕೆ ಆಗ್ತಿಲ್ಲ. ಮುಂದಿನ ತಿಂಗಳು ಟೂರ್ನಿ ಇದೆ.

ಉತ್ತರ: ನೀವಿಸುವುದನ್ನು ಇವತ್ತೇ ನಿಲ್ಲಿಸಿ. ಉಳುಕು ತೆಗೆಯುವವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಸಡಿಲವಾದ ಮೂಳೆಗಳನ್ನು ತಿಕ್ಕಿದರೆ ಇನ್ನಷ್ಟು ಸರಿಯುತ್ತವೆ.

ಮೂರು ವಾರವಾದರೂ ತುದಿಗಾಲಲ್ಲಿ ನಿಲ್ಲಲಾಗದೆ ಇರುವುದು, ಹಿಮ್ಮಡಿ ಮೇಲೆ ಜನ ಬಿದ್ದದ್ದು, ಈ ಎರಡನ್ನು ಓದಿದಾಗಲೇ ನನಗೆ ಲಿಸ್‌ಫ್ರಾಂಕ್ ಅನುಮಾನ ಬಂತು. ಪರೀಕ್ಷೆ ಮಾಡದೆ ಖಚಿತ ಹೇಳಲಾರೆ. ಹಳೆಯ ಎಕ್ಸ್‌ರೇ ಮಲಗಿಸಿ ತೆಗೆದದ್ದಾ, ನಿಲ್ಲಿಸಿ ತೆಗೆದದ್ದಾ, ಅವನನ್ನೇ ಕೇಳಿ. ಪೆಟ್ಟಾದ ದಿನಗಳಲ್ಲಿ ಅಂಗಾಲು ನೀಲಿಗಟ್ಟಿತ್ತಾ ಅಂತಲೂ ಕೇಳಿ. ಪಾದದ ಕೆಲಸ ಗೊತ್ತಿರುವ ಮೂಳೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ‘ಎರಡೂ ಪಾದ ನಿಂತುಕೊಂಡು ಎಕ್ಸ್‌ರೇ ಬೇಕು’ ಅಂತ ಬಾಯಿ ಬಿಟ್ಟು ಕೇಳಿ. ಸಂದೇಹ ಉಳಿದರೆ ಅವರೇ ಸಿಟಿ ಸ್ಕ್ಯಾನ್ ಅಥವಾ ಎಂಆರ್‌ಐ ಬರೆಯುತ್ತಾರೆ. ಅಲ್ಲಿಯವರೆಗೆ ಆ ಕಾಲಿನ ಮೇಲೆ ಭಾರ ಬೇಡ, ಊರುಗೋಲು ಕೊಡಿಸಿ.

ಗುರುತಿಸದೆ ಬಿಟ್ಟರೆ ಪಾದ ಚಪ್ಪಟೆಯಾಗುತ್ತಾ ಬಂದು, ಕೀಲು ಸವೆದು, ಬೆಳಿಗ್ಗೆ ಎದ್ದು ನಡೆಯುವುದೇ ಕಷ್ಟವಾದೀತು. ಟೂರ್ನಿಯ ಮಾತು ಬಿಡಿ, ನಾಯಕನಿಗೆ ಇವತ್ತೇ ಫೋನ್ ಮಾಡಿ ಅವನ ಜಾಗಕ್ಕೆ ಇನ್ನೊಬ್ಬನನ್ನು ತಯಾರು ಮಾಡಲು ಹೇಳಿ. ಅವರಿಗೂ ಒಂದು ತಿಂಗಳು ಸಿಗುತ್ತದೆ. ಎಕ್ಸ್‌ರೇ ಬಂದ ಮೇಲೆ ನನಗೆ ಮತ್ತೆ ಬರೆಯಿರಿ.